50 ಸಾವಿರದೊಳಗೆ ವೆಯ್ಟೆಡ್ ಕೀ ಇರುವ ಡಿಜಿಟಲ್ ಪಿಯಾನೊ ಯಾವುದು?

ನಿಮ್ಮ ಪ್ರಶ್ನೆ ಇಷ್ಟು: ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಮಗಳು 61 ಕೀಯ ಕೀಬೋರ್ಡಿನಲ್ಲಿ ಎರಡು ವರ್ಷ ಕಲಿತಿದ್ದಾಳೆ. ಇನ್ನು ವೆಯ್ಟೆಡ್ ಕೀ (ಒತ್ತುವಾಗ ಬೆರಳಿಗೆ ತೂಕ ಸಿಗುವ ಕೀ) ಇರುವ ಪಿಯಾನೊ ಬೇಕು ಅಂತ ಟೀಚರ್ ಹೇಳಿದ್ದಾರೆ. ಕೈಯಲ್ಲಿ 50 ಸಾವಿರ ಇದೆ. ಅದು ನಿಜಕ್ಕೂ ಬೇಕಾ, ಬೇಕಾದರೆ ಯಾವುದು?

ಬೇಕು. ನಾನು ಕುಂಬಳೆಯಲ್ಲಿ ಮಕ್ಕಳಿಗೆ ಪಿಯಾನೊ ಕಲಿಸುತ್ತೇನೆ. ಬರೀ ಕೀಬೋರ್ಡಿನಲ್ಲಿ ಕಲಿತು ಬಂದ ಮಕ್ಕಳು ನುಡಿಸುವಾಗ ಸ್ವರ ಸರಿ ಇರುತ್ತದೆ, ತಾಳ ಸರಿ ಇರುತ್ತದೆ, ಆದರೆ ಎಲ್ಲ ಸ್ವರವೂ ಒಂದೇ ಗಟ್ಟಿ ಕೇಳಿಸುತ್ತದೆ. ಉಂಗುರ ಬೆರಳಿಗೂ ಕಿರುಬೆರಳಿಗೂ ಬಲವೇ ಬಂದಿರುವುದಿಲ್ಲ. ಅದು ಮಗುವಿನ ತಪ್ಪಲ್ಲ. ಬೆರಳಿಗೆ ತೂಕವೇ ಸಿಗದಿದ್ದರೆ ಅದು ಕಲಿಯುವುದಾದರೂ ಹೇಗೆ?

ನಮ್ಮ ಕಡೆ ಹಾರ್ಮೋನಿಯಂ ಗೊತ್ತಿಲ್ಲದವರು ಕಡಿಮೆ, ಭಜನಾ ಮಂದಿರಗಳಲ್ಲಿ ಕೇಳಿಯೇ ಇರುತ್ತೀರಿ. ಅದರಲ್ಲಿ ಮನೆಯನ್ನು (ಅಂದರೆ ಕೀಯನ್ನು) ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಶಬ್ದ ಒಂದೇ. ಏರಿಳಿತ ಬರುವುದು ಗಾಳಿ ಹಾಕುವ ಕೈಯಿಂದ. ಪಿಯಾನೊದಲ್ಲಿ ಆ ಕೆಲಸ ಪೂರ್ತಿ ಬೆರಳಿನದು. ಕೀ ಒತ್ತಿದಾಗ ಒಳಗೊಂದು ಸುತ್ತಿಗೆ ಹಾರಿ ತಂತಿಗೆ ಬಡಿಯುತ್ತದೆ. ಕೀ ಎಷ್ಟು ವೇಗವಾಗಿ ಇಳಿಯಿತೋ ಅಷ್ಟು ಜೋರು ಶಬ್ದ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಇದನ್ನು ಕಟ್ಟಿದ. ಇವತ್ತಿಗೂ ತತ್ವ ಅದೇ. ಡಿಜಿಟಲ್ ಪಿಯಾನೊದಲ್ಲಿ ತಂತಿ ಇಲ್ಲ. ಆದರೆ ಒಳ್ಳೆಯದರಲ್ಲಿ ಪ್ರತಿ ಕೀಗೂ ಒಂದು ತೂಕದ ಸುತ್ತಿಗೆ ಜೋಡಿಸಿರುತ್ತಾರೆ, ಕೀ ಇಳಿಯುವ ವೇಗವನ್ನು ಸೆನ್ಸರ್ ಅಳೆಯುತ್ತದೆ. ನಿಜವಾದ ಪಿಯಾನೊದ ಹಾಗೆ ಎಡಗಡೆಯ ಕೀಗಳು ಭಾರ, ಬಲಕ್ಕೆ ಹೋದಂತೆ ಹಗುರ.

ಆದ್ದರಿಂದ ನನ್ನ ಮಾತು ಒಂದೇ: ಇರುವ ದುಡ್ಡನ್ನೆಲ್ಲ ಕೀಗೆ ಹಾಕಿ. 500 ಬಗೆಯ ಶಬ್ದ, ರಿದಮ್, ಬಣ್ಣದ ಲೈಟು ಯಾವುದೂ ಬೇಡ. ಮಗಳಿಗೆ ಬೇಕಾದ್ದು ಒಂದೇ ಒಂದು ಒಳ್ಳೆಯ ಪಿಯಾನೊ ಶಬ್ದ.

ಜಾಹೀರಾತಿನ ಮಾತುಗಳ ಬಗ್ಗೆ ಹುಷಾರಾಗಿರಿ. 'ಟಚ್ ಸೆನ್ಸಿಟಿವ್' ಅಂದರೆ ವೇಗ ಅಳೆಯುತ್ತದೆ ಅಂತ ಮಾತ್ರ, ಕೀಗೆ ತೂಕ ಇದೆ ಅಂತಲ್ಲ. 'ಸೆಮಿ ವೆಯ್ಟೆಡ್' ಅಂದರೆ ಹೆಚ್ಚಾಗಿ ಸ್ಪ್ರಿಂಗ್ ಗಟ್ಟಿ ಮಾಡಿದ್ದು. 88 ಕೀ ಇದ್ದ ಮಾತ್ರಕ್ಕೆ ವೆಯ್ಟೆಡ್ ಆಗುವುದಿಲ್ಲ. 'ಹ್ಯಾಮರ್ ಆ್ಯಕ್ಷನ್' (ಒಳಗೆ ತೂಕದ ಸುತ್ತಿಗೆ ಇದೆ ಅಂತ) ಅನ್ನುವ ಮಾತು ಕಂಪನಿಯ ವಿವರದಲ್ಲಿ ಸ್ಪಷ್ಟವಾಗಿ ಇರಬೇಕು. ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಆನ್‌ಲೈನಿನಲ್ಲಿ ಆರ್ಡರ್ ಮಾಡುವ ಮೊದಲು ಒಂದು ಸಲ ಮಂಗಳೂರಿಗೆ ಹೋಗಿ, ಮಗಳನ್ನೂ ಕರೆದುಕೊಂಡು ಹೋಗಿ. ಜೇಬಿನಲ್ಲಿ 10 ರೂಪಾಯಿಯ ಹತ್ತು ಹನ್ನೆರಡು ನಾಣ್ಯ ಇರಲಿ. 2011ರಿಂದ ಈಚಿನ ನಾಣ್ಯ ಒಂದೊಂದೂ ಸುಮಾರು 7.7 ಗ್ರಾಂ, ಏಳು ಸೇರಿದರೆ 54 ಗ್ರಾಂ. ಸರಿಯಾಗಿ ಹೊಂದಿಸಿದ ಪಿಯಾನೊದ ನಡುವಿನ ಕೀ ಇಳಿಯಲು ಸುಮಾರು 50 ಗ್ರಾಂ ಬೇಕು. ಪಿಯಾನೊ ಆಫ್ ಮಾಡಿಸಿ. ನಡುವಿನ ಸಿ ಕೀಯ (ನಡುಭಾಗದಲ್ಲಿ ಜೋಡಿ ಕಪ್ಪು ಕೀಗಳ ಎಡಕ್ಕೇ ಇರುವ ಬಿಳಿ ಕೀ) ತುದಿಯಲ್ಲಿ ಏಳು ನಾಣ್ಯಗಳನ್ನು ಒಂದರ ಮೇಲೊಂದು ಮೆಲ್ಲಗೆ ಇಡಿ. ಕೀ ನಿಧಾನವಾಗಿ ಇಳಿಯಬೇಕು, ಅಥವಾ ಇನ್ನೊಂದೆರಡು ನಾಣ್ಯಕ್ಕೆ ಇಳಿಯಬೇಕು. ಅದನ್ನೇ ಎಡತುದಿಯಲ್ಲೂ ಬಲತುದಿಯಲ್ಲೂ ಮಾಡಿ. ಎಡಗಡೆ ನಾಣ್ಯ ಜಾಸ್ತಿ ಬೇಕು, ಬಲಗಡೆ ಕಡಿಮೆ ಸಾಕು. ಎರಡೂ ಕಡೆ ಒಂದೇ ಆದರೆ ತೂಕ ಹಂತಹಂತವಾಗಿ ಇಳಿಸಿಲ್ಲ ಅಂತ ಅರ್ಥ.

ಆಮೇಲೆ ಬೆರಳಿನಿಂದ ಒಂದು ಕೀಯನ್ನು ಬಹಳ ನಿಧಾನವಾಗಿ ಒತ್ತಿ. ಸ್ಪ್ರಿಂಗ್ ಆದರೆ ಕೆಳಗೆ ಹೋದಷ್ಟೂ ಎದುರು ತಳ್ಳುತ್ತದೆ. ಹ್ಯಾಮರ್ ಆದರೆ ಶುರುವಿನಲ್ಲೇ ಭಾರ, ಮತ್ತೆ ಸಲೀಸು. ಇನ್ನೊಂದು ಜಾಗ ಇದೆ, ಹೆಚ್ಚಿನವರು ನೋಡುವುದೇ ಇಲ್ಲ: ಎರಡು ಕಪ್ಪು ಕೀಗಳ ನಡುವೆ, ಒಳಗಡೆ. ಅಲ್ಲಿ ಬಿಳಿ ಕೀ ಒತ್ತಿ ನೋಡಿ. ಪಿಯಾನೊ ತೆಳ್ಳಗಿದ್ದರೆ ಕೀಯ ಉದ್ದ ಒಳಗೆ ಕಡಿಮೆ ಇರುತ್ತದೆ, ಹಾಗಾಗಿ ಆ ಜಾಗ ಗಟ್ಟಿ. ಮಗಳು ಮುಂದೆ ಶಾರ್ಪ್, ಫ್ಲ್ಯಾಟ್ (ಹೆಚ್ಚಾಗಿ ಕಪ್ಪು ಕೀಯ ಸ್ವರಗಳು) ಜಾಸ್ತಿ ಇರುವ ಪಾಠಕ್ಕೆ ಬಂದಾಗ ಬೆರಳು ಹೋಗುವುದು ಅಲ್ಲಿಗೇ. ಅಂಗಡಿಯವರು ರಿದಮ್ ಹಾಕಿ ನುಡಿಸಿ ತೋರಿಸಲು ಬಂದರೆ ಪ್ರೀತಿಯಿಂದಲೇ ಬೇಡ ಅನ್ನಿ.

ಈಗ ಹೆಸರುಗಳು. ನಿಮ್ಮ ಬಜೆಟ್‌ನ ಆಸುಪಾಸಿನಲ್ಲಿ ಮುಖ್ಯವಾಗಿ ಮೂರು: ರೋಲಂಡ್ ಎಫ್‌ಪಿ-10, ಯಮಾಹಾ ಪಿ-145, ಕ್ಯಾಸಿಯೊ ಸಿಡಿಪಿ-ಎಸ್110. ದರ ಅಂಗಡಿಯಿಂದ ಅಂಗಡಿಗೆ ಬೇರೆ, ಎರಡು ಕಡೆ ಕೇಳಿ.

ಕೀಯ ಮಟ್ಟಿಗೆ ನನಗೆ ಎಫ್‌ಪಿ-10 ಎಲ್ಲಕ್ಕಿಂತ ಇಷ್ಟ. ಅದರ ಪಿಎಚ್‌ಎ-4 ಕೀಬೋರ್ಡೇ ಅದಕ್ಕಿಂತ ದುಬಾರಿಯಾದ ಎಫ್‌ಪಿ-30ಎಕ್ಸ್‌ನಲ್ಲೂ ಇರುವುದು. ಪ್ರತಿ ಕೀಗೂ ಮೂರು ಸೆನ್ಸರ್ ಇದೆ. ಕೀ ಪೂರ್ತಿ ಮೇಲೆ ಬರುವ ಮೊದಲೇ ಮತ್ತೆ ಒತ್ತಿದರೂ ಸ್ವರ ಕೇಳಿಸುತ್ತದೆ. ಒಂದೇ ಸ್ವರ ಬೇಗ ಬೇಗ ನುಡಿಸುವಾಗ ಇದರ ಬೆಲೆ ಗೊತ್ತಾಗುತ್ತದೆ. ಕೊರತೆ ಸ್ಪೀಕರಿನಲ್ಲಿ: 6 ವ್ಯಾಟಿನ ಎರಡು. ಹೊರಗಿನ ಸ್ಪೀಕರಿಗೆ ಜೋಡಿಸುವ ಲೈನ್ ಔಟ್ ಇಲ್ಲ, ಹೆಡ್‌ಫೋನ್ ತೂತು ಮಾತ್ರ. ಮನೆಯ ಅಭ್ಯಾಸಕ್ಕೆ ಇದು ದೊಡ್ಡ ವಿಷಯವಲ್ಲ. ಸ್ಟ್ಯಾಂಡ್ ಸೇರಿದರೆ ನಿಮ್ಮ ಬಜೆಟ್ ಸ್ವಲ್ಪ ಮೀರಬಹುದು. ನನ್ನನ್ನು ಕೇಳಿದರೆ ಇನ್ನೂ ಎರಡು ತಿಂಗಳು ಕಾದು ಇದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ.

ಪಿ-145 ಬಂದದ್ದು 2023ರಲ್ಲಿ, ತುಂಬಾ ಓಡಿದ ಪಿ-45ರ ಜಾಗಕ್ಕೆ. ಶಬ್ದ ಹಿತವಾಗಿದೆ, ಕೀ ಸ್ವಲ್ಪ ಹಗುರ. ಚಿಕ್ಕ ಕೈಗೆ ಅದೇ ಅನುಕೂಲ ಆಗಲೂಬಹುದು. ಪಿ-45 ಹೊಸದು ಕಡಿಮೆಗೆ ಸಿಕ್ಕಿದರೆ ಅದನ್ನೂ ಬೇಡ ಅನ್ನುವುದಿಲ್ಲ.

ಕ್ಯಾಸಿಯೊದ್ದು ಬೇರೆಯೇ ಒಂದು ಗುಣ. ಆರು ಎಎ ಬ್ಯಾಟರಿ ಹಾಕಿದರೆ ಕರೆಂಟ್ ಇಲ್ಲದೆಯೂ ನಡೆಯುತ್ತದೆ. ಮಳೆಗಾಲದಲ್ಲಿ ತೋಟದ ನಡುವಿನ ಲೈನಿಗೆ ಅಡಿಕೆ ಮರವೋ ತೆಂಗಿನ ಮಡಲೋ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಯಾರಿಗೆ ಗೊತ್ತು, ಅಲ್ವಾ? ಮನೆಯಲ್ಲಿ ಇನ್ವರ್ಟರ್ ಇಲ್ಲದಿದ್ದರೆ ಇದನ್ನು ಖಂಡಿತ ಲೆಕ್ಕಕ್ಕೆ ತೆಗೆದುಕೊಳ್ಳಿ. ಆದರೆ ನಾನು ಹೇಳಿದ ಒಳಗಡೆಯ ಜಾಗ ಇದರಲ್ಲಿ ಗಟ್ಟಿ, ಅದನ್ನು ಮಗಳೇ ನುಡಿಸಿ ನೋಡಲಿ.

ಕೊಳ್ಳುವ ಮೊದಲು ಟೀಚರಿಗೆ ಒಂದು ಫೋನ್ ಮಾಡಿ. ಲಂಡನ್ನಿನ ಟ್ರಿನಿಟಿ ಕಾಲೇಜು ನಡೆಸುವ ಸಂಗೀತ ಪರೀಕ್ಷೆಗೆ ಕೂರಿಸುವುದಾದರೆ ಅವರಲ್ಲಿ ಪಿಯಾನೊ ಬೇರೆ, ಎಲೆಕ್ಟ್ರಾನಿಕ್ ಕೀಬೋರ್ಡ್ ಬೇರೆ, ಎರಡಕ್ಕೂ ಸಿಲಬಸ್ ಬೇರೆ. ಕೀಬೋರ್ಡ್ ಪರೀಕ್ಷೆಗೆ ರಿದಮ್, ಸ್ಟೈಲ್ ಎಲ್ಲ ಬೇಕು, ಈ ಪಿಯಾನೊಗಳಲ್ಲಿ ಅದು ಇಲ್ಲ. ಯಾವುದಕ್ಕೆ ತಯಾರಿ ಅಂತ ಸ್ಪಷ್ಟ ಮಾಡಿಕೊಳ್ಳಿ. ಹಳೆಯ ಕೀಬೋರ್ಡನ್ನು ಸದ್ಯಕ್ಕೆ ಮಾರಬೇಡಿ.

ಸ್ಟ್ಯಾಂಡಿಗೆ ಎಕ್ಸ್ ಆಕಾರದ್ದು ಬೇಡ. 10–12 ಕೆ.ಜಿ. ಪಿಯಾನೊ ಅದರ ಮೇಲೆ ಅಲ್ಲಾಡುತ್ತದೆ, ಮೊಣಕಾಲಿಗೂ ತಾಗುತ್ತದೆ. ನಮ್ಮ ಕಡೆ ಒಳ್ಳೆಯ ಆಚಾರಿಗಳಿದ್ದಾರೆ, ಹಲಸಿನ ಮರದಲ್ಲಿ ಒಂದು ಗಟ್ಟಿ ಮೇಜು ಮಾಡಿಸಿ. ಬಿಳಿ ಕೀಯ ಮೇಲ್ಮೈ ನೆಲದಿಂದ 72–73 ಸೆಂ.ಮೀ. ಎತ್ತರಕ್ಕೆ ಬರುವ ಹಾಗೆ ಅಳತೆ ಕೊಡಿ, ಪಿಯಾನೊದ ದಪ್ಪ ಕಳೆಯುವುದನ್ನು ಮರೆಯಬೇಡಿ. ಕುರ್ಚಿ ಮೊಣಕೈ ಕೀಯ ಮಟ್ಟಕ್ಕೆ ಬರುವಷ್ಟು ಎತ್ತರ ಇರಲಿ. ಪಿಯಾನೊದ ಜೊತೆಗೆ ಬರುವ, ಕಾಲಲ್ಲಿ ಒತ್ತುವ ಚಿಕ್ಕ ಪೆಡಲ್ ನುಣುಪು ನೆಲದಲ್ಲಿ ಜಾರುತ್ತದೆ, ಅಡಿಗೆ ರಬ್ಬರ್ ಮ್ಯಾಟ್ ಹಾಕಿ. ಮುಂದೆ ದುಡ್ಡು ಆದಾಗ ಮೊದಲು ಬದಲಿಸಬೇಕಾದ್ದು ಅದನ್ನೇ.

ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ 88 ಕೀಯನ್ನೂ ಒಂದೊಂದಾಗಿ ಒಂದೇ ಬಲದಲ್ಲಿ ಮೆಲ್ಲಗೆ ಒತ್ತಿ. ಯಾವುದಾದರೂ ಒಂದು ಇದ್ದಕ್ಕಿದ್ದಂತೆ ಜೋರಾಗಿ ಕೂಗಿದರೆ ಒಳಗಿನ ರಬ್ಬರ್ ಕಾಂಟ್ಯಾಕ್ಟ್ ಸವೆದಿದೆ ಅಥವಾ ಧೂಳು ಕೂತಿದೆ. ರಿಪೇರಿ ಆಗುತ್ತದೆ, ಆದರೆ ಬೆಲೆ ಇಳಿಸಿ ಕೇಳಿ. ಕೀ ಇಳಿದಾಗ ಟಕ್ ಟಕ್ ಅಂತ ಮರ ಬಡಿದ ಹಾಗೆ ಕೇಳಿದರೆ ಒಳಗಿನ ಫೆಲ್ಟ್ (ಮೆತ್ತನೆಯ ಬಟ್ಟೆಯ ಪಟ್ಟಿ) ಹೋಗಿದೆ. ಅಂಥದ್ದು ಒಂದೆರಡಲ್ಲ, ತುಂಬಾ ಇದ್ದರೆ ಸುಮ್ನೆ ವಾಪಸ್ ಬನ್ನಿ.

ಮನೆಗೆ ತಂದ ಮೇಲೆ ಕಿಟಕಿಯ ಹತ್ತಿರ ಇಡಬೇಡಿ. ಜೂನ್‌ನಿಂದ ಇಲ್ಲಿನ ತೇವ ನಿಮಗೆ ಗೊತ್ತೇ ಇದೆ. ಮುಚ್ಚಲು ಹತ್ತಿಯ ಬಟ್ಟೆ ಸಾಕು, ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ನಿಲ್ಲುತ್ತದೆ. ನುಡಿಸಿ ಆದ ಕೂಡಲೇ ಮುಚ್ಚಿ, ಇಲ್ಲದಿದ್ದರೆ ಹಲ್ಲಿ, ಇರುವೆ ಒಳಗೆ ಹೊಕ್ಕುತ್ತವೆ. ಸಂಜೆ ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಅಡಾಪ್ಟರನ್ನೇ ಪ್ಲಗ್‌ನಿಂದ ತೆಗೆದಿಡಿ.