ತೆಳುವಾಗುತ್ತಿರುವ ಕೂದಲಿಗೆ ಯಾವ ಶಾಂಪೂ, ಯಾವ ಕಂಡೀಷನರ್ ತಗೊಳ್ಳಬೇಕು?

ನಿಮಗೆ 35ರ ಆಸುಪಾಸು. ಬೈತಲೆ ಅಗಲವಾಗುತ್ತಿದೆ, ಜಡೆ ಸಣ್ಣಗಾಗಿದೆ. ‘ಥಿಕನಿಂಗ್’ ಅಂತ ಬರೆದಿರುವ ಬಾಟಲಿಗಳಲ್ಲಿ ಯಾವುದನ್ನು ನಂಬಬೇಕು ಅಂತ ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ಇದನ್ನು ಯಾರೂ ಕೇಳದ ವಾರವೇ ಇಲ್ಲ ಅನ್ನಬಹುದು.

ಥಿಕನಿಂಗ್ ಶಾಂಪೂ ಕೂದಲು ದಪ್ಪಗೆ ಕಾಣುವಂತೆ ಮಾಡುತ್ತದೆ, ಅಷ್ಟೇ. ಅದರಲ್ಲಿರುವ ಗೋಧಿ ಅಥವಾ ಅಕ್ಕಿಯ ಪ್ರೋಟೀನ್, ಪ್ಯಾಂಥೆನಾಲ್, ಪಾಲಿಕ್ವಾಟರ್ನಿಯಂ ಇಂಥವು ಪ್ರತಿ ಎಳೆಯ ಮೇಲೂ ತೆಳ್ಳಗೆ ಕೂರುತ್ತವೆ. ಆಗ ಎಳೆಗಳು ಜಾರಿ ಚಪ್ಪಟೆಯಾಗದೆ ಒಂದಕ್ಕೊಂದು ತಗುಲಿ ನಿಲ್ಲುತ್ತವೆ. ಜಡೆ ಕೈತುಂಬಾ ಸಿಕ್ಕಿದಂತೆ ಅನಿಸುತ್ತದೆ. ಮುಂದಿನ ಸ್ನಾನದವರೆಗೆ ಅದರ ಆಟ. ಹೊಸ ಕೂದಲು ಹುಟ್ಟಬೇಕಾದದ್ದು ಚರ್ಮದೊಳಗಿನ ಬುಡದಲ್ಲಿ. ಎರಡು ನಿಮಿಷ ಇದ್ದು ಹರಿದು ಹೋಗುವ ನೊರೆಗೆ ಅಲ್ಲೇನೂ ಕೆಲಸವಿಲ್ಲ. ಶಾಂಪೂವಿನಲ್ಲಿ ಬಯೋಟಿನ್ (ಒಂದು ಬಗೆಯ ಬಿ ವಿಟಮಿನ್) ಇದೆ ಅಂತ ಜಾಸ್ತಿ ದುಡ್ಡು ಕೊಡಬೇಡಿ.

‘ಹೇರ್ ಫಾಲ್ ಕಡಿಮೆ’ ಅಂತ ದೊಡ್ಡದಾಗಿ ಬರೆದಿರುವ ಬಾಟಲಿಯನ್ನು ಸುಮ್ನೆ ಒಮ್ಮೆ ತಿರುಗಿಸಿ ನೋಡಿ. ಎಷ್ಟೋ ಬಾಟಲಿಗಳಲ್ಲಿ ಒಂದು ಚಿಕ್ಕ ನಕ್ಷತ್ರದ ಗುರುತು ಇರುತ್ತದೆ, ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ತುಂಡಾಗಿ ಉದುರುವ ಕೂದಲಿಗೆ ಮಾತ್ರ’ ಅನ್ನುವ ಅರ್ಥದ ಸಾಲು. ನಿಮ್ಮದು ಯಾವ ಬಗೆ ಅಂತ ಮನೆಯಲ್ಲೇ ನೋಡಬಹುದು. ಬಾಚಣಿಗೆಗೆ ಬಂದ ಕೂದಲನ್ನು ಕಪ್ಪು ಬಟ್ಟೆಯ ಮೇಲಿಟ್ಟು ಎರಡೂ ತುದಿ ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಗಂಟು ಇದ್ದರೆ ಅದು ಬುಡದಿಂದ ಬಂದದ್ದು. ಗಂಟಿಲ್ಲದ ಮೋಟು ತುಂಡುಗಳೇ ಜಾಸ್ತಿ ಇದ್ದರೆ ಕೂದಲು ಮುರಿಯುತ್ತಿದೆ. ಮುರಿಯುವುದಕ್ಕೆ ಒಳ್ಳೆಯ ಶಾಂಪೂ, ಕಂಡೀಷನರ್ ನಿಜವಾಗಿಯೂ ಸಹಾಯ ಮಾಡುತ್ತವೆ. ಬುಡದಿಂದ ಬರುತ್ತಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಎಲ್ಲರಿಗೂ ಇದ್ದದ್ದೇ, ಅದಕ್ಕೆ ಹೆದರಬೇಡಿ.

ಇನ್ನು ಕೊಳ್ಳುವ ವಿಷಯ. ‘ಸಿಲ್ಕಿ’, ‘ಸ್ಮೂತ್’, ‘ಡೀಪ್ ರಿಪೇರ್’ ಅಂತ ಬರೆದಿರುವುದನ್ನು ಬಿಡಿ. ಅವು ಒರಟು, ದಪ್ಪ ಕೂದಲಿನವರಿಗೆ. ತೆಳು ಕೂದಲಿಗೆ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ನೆತ್ತಿಗೆ ಅಂಟಿಕೊಂಡು ಬೈತಲೆ ಇನ್ನೂ ಅಗಲ ಕಾಣುತ್ತದೆ. ‘ವಾಲ್ಯೂಮ್’ ಅಥವಾ ‘ಥಿಕನಿಂಗ್’ ಅಂತ ಇರುವುದರಲ್ಲಿ ಹಿಂದಿನ ಪಟ್ಟಿ ಓದಿ. ಪಟ್ಟಿಯಲ್ಲಿ ಜಾಸ್ತಿ ಇರುವ ವಸ್ತು ಮೊದಲು ಬರುತ್ತದೆ. ‘ಬಟರ್’, ಎಣ್ಣೆ, ಡೈಮೆಥಿಕೋನ್ (ಕೂದಲು ನುಣುಪಾಗಿಸುವ ಸಿಲಿಕೋನ್) ಮೊದಲ ನಾಲ್ಕೈದರಲ್ಲೇ ಇದ್ದರೆ ಬೇಡ. ಪ್ರೋಟೀನ್ ಕಟ್ಟಕಡೆಗೆ, ಸುವಾಸನೆಯೂ ಆದ ಮೇಲೆ ಬಂದರೆ ಅದು ಹೆಸರಿಗಷ್ಟೇ ಹಾಕಿದ್ದು. ಮೊದಲು ಚಿಕ್ಕ ಬಾಟಲಿ ತಗೊಳ್ಳಿ. ನಾಲ್ಕು ಸಲ ತೊಳೆದರೆ ಹೊಂದುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಕಂಡೀಷನರ್ ಹಚ್ಚಿದರೆ ಉದುರುತ್ತದೆ ಅಂತ ಬಿಟ್ಟೇ ಬಿಡುವವರಿದ್ದಾರೆ. ಬಿಡಬೇಡಿ. ಒದ್ದೆ ಕೂದಲು ಬಲು ಬೇಗ ಮುರಿಯುತ್ತದೆ, ಸಿಕ್ಕು ಬಿಡಿಸುವಾಗಲೇ ಅರ್ಧ ಹಾಳಾಗುವುದು. ಹಚ್ಚುವ ರೀತಿ ಮಾತ್ರ ಬದಲಾಗಬೇಕು. ಶಾಂಪೂ ತೊಳೆದ ಮೇಲೆ ಕೂದಲಿನ ನೀರು ಹಿಂಡಿ. ಐದು ರೂಪಾಯಿ ನಾಣ್ಯದಷ್ಟು ಕಂಡೀಷನರನ್ನು ಅಂಗೈಯಲ್ಲಿ ಉಜ್ಜಿಕೊಂಡು ಕಿವಿಯಿಂದ ಕೆಳಗೆ ಮಾತ್ರ ಹಚ್ಚಿ, ನೆತ್ತಿಗೆ ಬೇಡ. ಅದು ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಬಿಡಿಸುತ್ತಾ ಬಂದು ಆಮೇಲೆ ತೊಳೆಯಿರಿ. ಇಷ್ಟಾದರೂ ಕೂದಲು ಜೋತು ಬಿದ್ದರೆ ಉಲ್ಟಾ ಮಾಡಿ: ಮೊದಲು ಕಂಡೀಷನರ್, ಆಮೇಲೆ ಶಾಂಪೂ. ಪಾರ್ಲರಿನಲ್ಲಿ ತೀರಾ ತೆಳು ಕೂದಲಿಗೆ ನಾನು ಮಾಡುವುದು ಇದನ್ನೇ.

ಉದುರುತ್ತದೆ ಅನ್ನುವ ಭಯಕ್ಕೆ ವಾರಗಟ್ಟಲೆ ತಲೆ ತೊಳೆಯದೆ ಇರುವುದೂ ಬೇಡ. ತೊಳೆಯುವಾಗ ಬರುವ ಕೂದಲು ಮೊದಲೇ ಬಿಟ್ಟುಕೊಂಡದ್ದು, ಇವತ್ತಲ್ಲ ನಾಳೆ ಬರುವಂಥದ್ದು. ವಾರಕ್ಕೆ ಎರಡು ಮೂರು ಸಲ ತೊಳೆಯಿರಿ. ಹೊಟ್ಟು ಇದ್ದರೆ ಮೊದಲು ಅದನ್ನು ನೋಡಿ. ಹೊಟ್ಟಿನ ಔಷಧಿ ಇರುವ ಕೀಟೊಕೊನಜೋಲ್ ಶಾಂಪೂವನ್ನು ಡಾಕ್ಟರನ್ನು ಕೇಳಿ ಬಳಸಬಹುದು, ಹಚ್ಚಿ ಮೂರರಿಂದ ಐದು ನಿಮಿಷ ಬಿಡಬೇಕು.

ಸೀಗೇಕಾಯಿ ಒಳ್ಳೆಯದಲ್ವಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಒಗ್ಗಿದವರಿಗೆ ಒಳ್ಳೆಯದೇ. ಆದರೆ ಪುಡಿ ನುಣ್ಣಗಿರಬೇಕು, ಇಲ್ಲದಿದ್ದರೆ ತರಿ ತರಿ ತಿಕ್ಕಿ ತೆಳು ಕೂದಲು ಮುರಿಯುತ್ತದೆ. ದಾಸವಾಳದ ಎಲೆಯ ಲೋಳೆ ಸಿಕ್ಕು ಬಿಡಿಸಲು ನಿಜಕ್ಕೂ ಚೆನ್ನಾಗಿದೆ, ಸೋಸಿ ಹಚ್ಚಿ. ಬೋರ್‌ವೆಲ್ ನೀರಾದರೆ ಹದಿನೈದು ದಿನಕ್ಕೊಮ್ಮೆ ‘ಕ್ಲಾರಿಫೈಯಿಂಗ್’ (ಕೂದಲ ಮೇಲೆ ಕೂತ ಪದರ ತೊಳೆಯುವ) ಶಾಂಪೂ ಹಾಕಿ, ಒರಟುತನ ಇಳಿಯುತ್ತದೆ. ಬೈತಲೆ ಅಗಲವಾದದ್ದಕ್ಕೆ ಮಾತ್ರ ನೀರನ್ನು ದೂರಬೇಡಿ.

ಆ ಬೈತಲೆಯೇ ನನಗೆ ಯೋಚನೆ. ಡೆಂಗಿ, ಟೈಫಾಯ್ಡ್, ಹೆರಿಗೆ ಆಗಿ ಎರಡು ಮೂರು ತಿಂಗಳಿಗೆ ಕೈತುಂಬಾ ಉದುರುವುದು ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಕಬ್ಬಿಣದ ಕೊರತೆ, ಥೈರಾಯ್ಡ್ ಇದ್ದರೆ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ನೆತ್ತಿಯ ಬೈತಲೆ ನಿಧಾನವಾಗಿ ಅಗಲವಾಗುತ್ತಾ ಹೋಗುವುದು ಹೆಣ್ಣುಮಕ್ಕಳಲ್ಲಿ ವಂಶದಿಂದ ಬರುವ ಬಗೆಯೂ ಇರಬಹುದು. ಅದಕ್ಕೆ ಮಿನಾಕ್ಸಿಡಿಲ್ ಇದೆ. ಅದು ಮೊದಲು ಬಿಪಿ ಮಾತ್ರೆಯಾಗಿ ಬಂದ ಔಷಧಿ, ತಗೊಂಡವರಿಗೆ ಮೈಮೇಲೆಲ್ಲ ಕೂದಲು ಬೆಳೆದದ್ದರಿಂದ ತಲೆಗೆ ಹಚ್ಚುವ ಔಷಧಿಯಾಯಿತು. ಶುರುವಿನ ವಾರಗಳಲ್ಲಿ ಉದುರುವುದು ಜಾಸ್ತಿಯಾಗಬಹುದು, ಫಲ ಕಾಣಲು ತಿಂಗಳುಗಳು ಬೇಕು, ಬಸುರಿಯರು ಬಳಸಬಾರದು. ಹಾಗಾಗಿ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದು ಶುರು ಮಾಡಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ. ಆವತ್ತು ತಲೆಗೆ ಎಣ್ಣೆ ಹಾಕಿಕೊಂಡು ಹೋಗಬೇಡಿ, ಬೈತಲೆ ಕಾಣಬೇಕು. ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಮೊದಲೇ ಹೇಳಿ, ಥೈರಾಯ್ಡ್ ರಿಪೋರ್ಟ್ ತಪ್ಪಾಗಿ ಬರಬಹುದು.