ಗಾಲ್ಫ್ ಕ್ಲಬ್ಬಿಗೆ ಸೇರಲು ಲಕ್ಷಗಟ್ಟಲೆ ಏಕೆ ಕೊಡಬೇಕು?

ಪ್ರಶ್ನೆ: ನಮ್ಮೂರಿನ ಗಾಲ್ಫ್ ಕ್ಲಬ್ಬಿನ ಆಡಳಿತ ಸಮಿತಿಗೆ ಈ ವರ್ಷ ಆಯ್ಕೆಯಾಗಿದ್ದೇನೆ. ಆಡಲು ಬರುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಹೊಸಬರು ವಿಚಾರಿಸುತ್ತಾರೆ, ಪ್ರವೇಶ ಶುಲ್ಕ ಕೇಳಿ ವಾಪಸ್ ಹೋಗುತ್ತಾರೆ. ಶುಲ್ಕವನ್ನೇ ತೆಗೆದುಹಾಕೋಣ ಎಂದು ಸಮಿತಿಯಲ್ಲಿ ಕೆಲವರು ಹೇಳುತ್ತಿದ್ದಾರೆ. ‘ನಾವೆಲ್ಲ ಕೊಟ್ಟೇ ಬಂದಿದ್ದು, ಅವರಿಗೆ ಯಾಕೆ ಬಿಟ್ಟಿ?’ ಅನ್ನುವುದು ಹಿರಿಯ ಸದಸ್ಯರ ಮಾತು. ವಾರ್ಷಿಕ ಮಹಾಸಭೆ ಹತ್ತಿರ ಬಂತು. ಏನು ಮಾಡಲಿ, ಸರ್?
– ಹೆಸರು ಬೇಡ

ಉತ್ತರ: ಶುಲ್ಕ ಇರಲಿ. ಆದರೆ ಹಿರಿಯರು ಕೊಡುತ್ತಿರುವ ಕಾರಣ ನಿಲ್ಲುವಂಥದ್ದಲ್ಲ. ಅವರು ಕೊಟ್ಟ ದುಡ್ಡಿಗೆ ಅಷ್ಟು ವರ್ಷ ಆಡಿದ್ದಾರೆ, ಲೆಕ್ಕ ಅಲ್ಲಿಗೆ ಮುಗಿಯಿತು. ಅಮೆರಿಕದ ಕೆಲವು ಕ್ಲಬ್ಬುಗಳಲ್ಲಿ ಸದಸ್ಯತ್ವದ ಜೊತೆ ಕ್ಲಬ್ಬಿನ ಆಸ್ತಿಯಲ್ಲೂ ಪಾಲು ಸಿಗುತ್ತದೆ. ನಮ್ಮಲ್ಲಿ ಹಳೆಯ ಕ್ಲಬ್ಬುಗಳು ಹಲವು ಸರ್ಕಾರಿ ಗುತ್ತಿಗೆ ಜಮೀನಿನ ಮೇಲೆ ನಿಂತಿವೆ. ಸದಸ್ಯನಿಗೆ ಅಲ್ಲಿ ಇರುವುದು ಆಡುವ ಹಕ್ಕು ಮತ್ತು ವೋಟು ಹಾಕುವ ಹಕ್ಕು, ಅಷ್ಟೇ.

ಹಾಗಾದರೆ ಶುಲ್ಕ ಯಾತಕ್ಕೆ? ಇದಕ್ಕೆ ಉತ್ತರ ನಿಮ್ಮ ಕೋರ್ಸಿನ ನೆಲದಡಿ ಇದೆ. ಒಂದು ದಿನ ಬೆಳಿಗ್ಗೆ ಮೈದಾನದ ಮುಖ್ಯ ಮಾಲಿಯ ಜೊತೆ ಹೋಗಿ. ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತ ಹುಲ್ಲನ್ನು ತೀರಾ ಗಿಡ್ಡವಾಗಿ ಕತ್ತರಿಸಿದ ಜಾಗದಲ್ಲಿ, ಹೊಸ ಕುಳಿ ತೋಡಲು ನಾಲ್ಕೂಕಾಲು ಇಂಚು ಅಗಲದ ಕೊಳವೆಯನ್ನು ಒತ್ತಿ ಎತ್ತುತ್ತಾರಲ್ಲ, ಅದರಲ್ಲಿ ಬರುವ ಮಣ್ಣನ್ನು ಕೈಗೆ ತೆಗೆದುಕೊಂಡು ನೋಡಿ. ಹುಲ್ಲಿನ ಕೆಳಗೆ ಮರಳು ಸಡಿಲವಾಗಿ ಉದುರಿದರೆ ಗ್ರೀನ್ ಆರೋಗ್ಯವಾಗಿದೆ. ಕಪ್ಪು ಪದರ ಕಂಡು, ಹಿಂಡಿದಾಗ ನೀರು ಜಿನುಗಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದಕ್ಕೆ ಉಸಿರು ಕಟ್ಟಿದೆ ಎಂದು ತಿಳಿಯಿರಿ. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಮಾದರಿಯಲ್ಲಿ ಕಟ್ಟಿದ ಗ್ರೀನ್ ಆಗಿದ್ದರೆ ತಳದಲ್ಲಿ ನೀರು ಹೋಗುವ ಪೈಪು, ಅದರ ಮೇಲೆ 4 ಇಂಚು ಜಲ್ಲಿ, ಅದರ ಮೇಲೆ 12 ಇಂಚು ಅಳತೆ ಮಾಡಿ ಬೆರೆಸಿದ ಮರಳು ಇರುತ್ತದೆ. ವರ್ಷಗಳು ಕಳೆದ ಹಾಗೆ ಸತ್ತ ಬೇರು, ಸಣ್ಣ ಮಣ್ಣು ಮರಳಿನ ಸಂದಿನಲ್ಲಿ ತುಂಬಿಕೊಂಡು ನೀರು ಇಂಗುವುದು ನಿಲ್ಲುತ್ತದೆ. ಒಳ್ಳೆಯ ಆರೈಕೆ ಇದ್ದರೂ ಗ್ರೀನ್ 15ರಿಂದ 30 ವರ್ಷ ಬಾಳುತ್ತದೆ. ಬಂಕರಿನ, ಅಂದರೆ ಆಟಕ್ಕೆ ಅಡ್ಡಿಯಾಗಿ ಮಾಡಿದ ಗುಂಡಿಗಳ, ಮರಳು 5–7 ವರ್ಷ. ನೀರಾವರಿ ಪೈಪು, ಸ್ಪ್ರಿಂಕ್ಲರ್, ಪಂಪುಗಳಿಗೂ ಒಂದು ಆಯುಸ್ಸಿದೆ. 18 ಗ್ರೀನ್‌ಗಳನ್ನು ಒಡೆದು ಕಟ್ಟುವ ವರ್ಷ ಬಂದಾಗ ಆ ಖರ್ಚು ಯಾವ ವಾರ್ಷಿಕ ಚಂದಾದಲ್ಲೂ ಹಿಡಿಸುವುದಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಿಂಗಳ ಮೇಂಟೆನೆನ್ಸ್ ಬೇರೆ, ದೊಡ್ಡ ಖರ್ಚಿಗೆ ಕೂಡಿಡುವ ಕಾರ್ಪಸ್ ನಿಧಿ ಬೇರೆ. ಲಿಫ್ಟ್ ಬದಲಿಸುವ ದುಡ್ಡನ್ನು ಸೆಕ್ಯುರಿಟಿಯವರ ಸಂಬಳಕ್ಕೆ ಬಳಸಿದ ಸಮಿತಿಗೆ ಮುಂದೆ ಏನಾಗುತ್ತದೆ ಎಂದು ಎಲ್ಲರೂ ನೋಡಿದ್ದೇವೆ. ಕ್ಲಬ್ಬಿನಲ್ಲಿ ವಾರ್ಷಿಕ ಚಂದಾ ಮತ್ತು ಗ್ರೀನ್ ಫೀ (ಒಂದು ಸುತ್ತು ಆಡಲು ಕೊಡುವ ಶುಲ್ಕ) ದಿನನಿತ್ಯದ ಖರ್ಚಿಗೆ. ಹುಲ್ಲು ಕತ್ತರಿಸುವುದು, ಗೊಬ್ಬರ, ಕರೆಂಟು, ಸಂಬಳ ಅದರಲ್ಲೇ ನಡೆಯಬೇಕು. ಪ್ರವೇಶ ಶುಲ್ಕ ಇರುವುದು ದೊಡ್ಡ ಕೆಲಸಗಳಿಗೆ. ಅದು ಇಲ್ಲದಿದ್ದರೆ ಆ ವರ್ಷ ಎಲ್ಲರ ಮೇಲೂ ವಿಶೇಷ ಲೆವಿ ಹಾಕಬೇಕಾಗುತ್ತದೆ. ಪಿಂಚಣಿಯಲ್ಲಿ ಬದುಕುವ ಸದಸ್ಯರೇ ತುಂಬಿರುವ ಮಹಾಸಭೆಯಲ್ಲಿ ಲೆವಿ ಪಾಸ್ ಮಾಡಿಸಿ ನೋಡಿ, ಆಮೇಲೆ ಮಾತಾಡೋಣ.

ಹಾಗಾಗಿ ಮಹಾಸಭೆಗೆ ಮುಂಚೆ ಒಂದು ಕೆಲಸ ಮಾಡಿ. ಕಳೆದ ಐದು ವರ್ಷಗಳ ಆಡಿಟ್ ವರದಿ ತೆಗೆದು, ಪ್ರವೇಶ ಶುಲ್ಕದ ದುಡ್ಡು ಎಲ್ಲಿ ಹೋಯಿತೆಂದು ಹುಡುಕಿ. ಕಾರ್ಪಸ್ಸಿಗೆ ಸೇರಿದ್ದರೆ ಶುಲ್ಕವನ್ನು ಸಮರ್ಥಿಸುವುದು ಸುಲಭ. ಆದಾಯ–ಖರ್ಚಿನ ಪಟ್ಟಿಯಲ್ಲಿ ಸೇರಿಕೊಂಡು ಸಂಬಳ, ಬಾರ್, ಕ್ರಿಸ್‌ಮಸ್ ಪಾರ್ಟಿಗೆ ಹೋಗಿದ್ದರೆ ನಿಮ್ಮ ತೊಂದರೆ ಶುಲ್ಕದ್ದಲ್ಲ, ವಾರ್ಷಿಕ ಚಂದಾದ್ದು. ಹಳಬರು ಕೊಡಬೇಕಾದಷ್ಟು ಚಂದಾ ಕೊಡುತ್ತಿಲ್ಲ, ಕೊರತೆಯನ್ನು ಹೊಸಬರ ದುಡ್ಡಿನಿಂದ ತುಂಬುತ್ತಿದ್ದೀರಿ. ಇಂಥ ಕ್ಲಬ್ಬು ಪ್ರತಿ ವರ್ಷ ಹೊಸ ಸದಸ್ಯರನ್ನು ಸೇರಿಸಿಕೊಳ್ಳುತ್ತಲೇ ಇರಬೇಕಾಗುತ್ತದೆ, ಜಾಗ ಇರಲಿ ಬಿಡಲಿ. ಹತ್ತು ನಿಮಿಷಕ್ಕೊಂದರಂತೆ ನಾಲ್ವರ ತಂಡ ಬಿಟ್ಟರೆ, ಭಾನುವಾರ ಬೆಳಿಗ್ಗೆ 6ರಿಂದ 9ರವರೆಗೆ ಮೊದಲ ಟೀಯಿಂದ, ಅಂದರೆ ಆಟ ಶುರುವಾಗುವ ಜಾಗದಿಂದ, ಹೊರಡುವವರು 72 ಜನ. ಸದಸ್ಯತ್ವ ಎಷ್ಟು ಮಾರಿದರೂ ಆ 72, 73 ಆಗುವುದಿಲ್ಲ.

ಶುಲ್ಕ ತೆಗೆದರೆ ಏನಾಗುತ್ತದೆ ಎನ್ನುವುದಕ್ಕೆ ಇಂಗ್ಲೆಂಡ್ ಕಣ್ಣಮುಂದಿದೆ. 2008ರ ಆರ್ಥಿಕ ಹಿಂಜರಿತದ ನಂತರ ಅಲ್ಲಿ ಬಹಳಷ್ಟು ಕ್ಲಬ್ಬುಗಳು ಸದಸ್ಯರನ್ನು ಹಿಡಿಯಲು ಪ್ರವೇಶ ಶುಲ್ಕ ಕೈಬಿಟ್ಟವು. ಸೇರುವುದು ಸುಲಭವಾಯಿತು, ಬಿಡುವುದೂ ಅಷ್ಟೇ ಸುಲಭವಾಯಿತು. ನವೀಕರಣದ ಕಾಲ ಬಂದರೆ ಪಕ್ಕದ ಕ್ಲಬ್ಬಿನ ರೇಟು ನೋಡಿ ಹೋಗುವವರು ಹುಟ್ಟಿಕೊಂಡರು. 2020ರ ಲಾಕ್‌ಡೌನ್ ಮುಗಿದ ಮೇಲೆ ಹೊರಾಂಗಣ ಆಟಕ್ಕೆ ಜನ ಮುಗಿಬಿದ್ದಾಗ ಕಾಯುವ ಪಟ್ಟಿಯೂ ಬಂತು, ಹಲವು ಕಡೆ ಪ್ರವೇಶ ಶುಲ್ಕವೂ ಮರಳಿ ಬಂತು. 2021ರಿಂದ ಕ್ಲಬ್ಬಿಗೆ ಸೇರದವರಿಗೂ ಅಧಿಕೃತ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ತೋರಿಸುವ ಅಂಕ) ಕೊಡುವ ‘ಐಗಾಲ್ಫ್’ ಯೋಜನೆಯನ್ನು ಇಂಗ್ಲೆಂಡ್ ಗಾಲ್ಫ್ ಸಂಸ್ಥೆಯೇ ತಂದಿದೆ. ಹ್ಯಾಂಡಿಕ್ಯಾಪ್ ಬೇಕೆಂಬ ಒಂದೇ ಕಾರಣಕ್ಕೆ ಯಾರೂ ಅಲ್ಲಿ ಈಗ ಕ್ಲಬ್ಬಿನ ಬಾಗಿಲು ತಟ್ಟಬೇಕಿಲ್ಲ. ಅಂದರೆ ಎಂಥ ಶುಲ್ಕ ಹಾಕಿದರೂ ಜನ ಬಂದೇ ಬರುತ್ತಾರೆ ಎಂಬ ಧೈರ್ಯವೂ ಬೇಡ.

‘ಶುಲ್ಕ ಬೇಡ, ವಾಪಸ್ ಕೊಡುವ ಡಿಪಾಸಿಟ್ ತಗೊಳ್ಳೋಣ’ ಎಂದು ಮಹಾಸಭೆಯಲ್ಲಿ ಯಾರಾದರೂ ಎದ್ದು ನಿಂತರೆ ಜಪಾನಿನ ಕಥೆ ಹೇಳಿ ಕೂರಿಸಿ. 1980ರ ದಶಕದಲ್ಲಿ ಅಲ್ಲಿ ಕ್ಲಬ್ಬುಗಳು ಹತ್ತು ವರ್ಷದ ನಂತರ ಹಿಂದಿರುಗಿಸುವ ಷರತ್ತಿನ ಮೇಲೆ ಭಾರೀ ಡಿಪಾಸಿಟ್ ಪಡೆದು ಅದರಲ್ಲೇ ಕೋರ್ಸ್ ಕಟ್ಟಿದವು. ಸದಸ್ಯತ್ವಗಳು ಷೇರುಗಳ ಹಾಗೆ ಕೈ ಬದಲಾಗುತ್ತಿದ್ದವು. ಟೋಕಿಯೊದ ಕೊಗಾನೆಯಿ ಕ್ಲಬ್ಬಿನ ಸದಸ್ಯತ್ವ ಉತ್ತುಂಗದಲ್ಲಿ 30 ಕೋಟಿ ಯೆನ್ ಮೀರಿತ್ತು. ಆ ಬೆಲೆಗಳ ಗುಳ್ಳೆ ಒಡೆದ ಮೇಲೆ ಅವಧಿ ಮುಗಿದ ಡಿಪಾಸಿಟ್ ಕೇಳಿ ಜನ ಬಂದರು. ದುಡ್ಡು ಹುಲ್ಲಾಗಿತ್ತು, ಕ್ಲಬ್ ಹೌಸಿನ ಅಮೃತಶಿಲೆಯಾಗಿತ್ತು. ಸಾಲುಸಾಲಾಗಿ ಕ್ಲಬ್ಬುಗಳು ದಿವಾಳಿಯಾದವು. ನಿಮ್ಮ ಕ್ಲಬ್ಬು ಕಂಪನಿ ಕಾಯ್ದೆಯಡಿ ನೋಂದಣಿಯಾಗಿದ್ದರೆ ಡಿಪಾಸಿಟ್ ಪಡೆಯುವುದಕ್ಕೆ ಬೇರೆ ಕಟ್ಟುಪಾಡುಗಳೂ ಇವೆ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ: ಶುಲ್ಕ ಇಳಿಸುತ್ತಿದ್ದೆ, ಚಂದಾ ಏರಿಸುತ್ತಿದ್ದೆ. 35 ವರ್ಷದೊಳಗಿನವರಿಗೆ ಶುಲ್ಕವನ್ನು ಐದು ವಾರ್ಷಿಕ ಕಂತು ಮಾಡುತ್ತಿದ್ದೆ. ಮಧ್ಯದಲ್ಲಿ ಬಿಟ್ಟರೆ ಕಟ್ಟಿದ್ದು ವಾಪಸ್ ಇಲ್ಲ, ಉಳಿದ ಕಂತೂ ಇಲ್ಲ. ಆ ದುಡ್ಡು ಬೇರೆ ಬ್ಯಾಂಕ್ ಖಾತೆಗೆ ಹೋಗಬೇಕು, ಮಹಾಸಭೆಯ ಒಪ್ಪಿಗೆ ಇಲ್ಲದೆ ಅದರಿಂದ ಒಂದು ರೂಪಾಯಿ ತೆಗೆಯಬಾರದು ಎಂದು ಬೈಲಾದಲ್ಲೇ ಬರೆಸುತ್ತಿದ್ದೆ. ಚಂದಾ ಏರಿಸಲು ಹಿರಿಯರು ಒಪ್ಪದಿದ್ದರೆ ಆ ಮಣ್ಣಿನ ಉಂಡೆಯನ್ನೇ ಸಭೆಗೆ ತೆಗೆದುಕೊಂಡು ಹೋಗಿ, ಕೈಗೆ ಕೊಡಿ.

ಪ್ರಶ್ನೆ: ಮಗನಿಗೆ 29 ವರ್ಷ, ಬೆಂಗಳೂರಿನಲ್ಲಿ ಕೆಲಸ, ಗಾಲ್ಫ್ ಹುಚ್ಚು. ಒಂದು ಕ್ಲಬ್ಬಿನವರು ಅರ್ಜಿಯ ಜೊತೆಗೇ ಹಣ ಕಟ್ಟಿ, ಸದಸ್ಯತ್ವಕ್ಕೆ ವರ್ಷಗಳೇ ಹಿಡಿಯಬಹುದು ಎನ್ನುತ್ತಿದ್ದಾರೆ. ಕಟ್ಟಬಹುದೇ?
– ಓದುಗರು, ತುಮಕೂರು

ಉತ್ತರ: ಆತುರ ಬೇಡಮ್ಮ. ದೆಹಲಿಯ ಜಿಮ್ಖಾನಾ ಕ್ಲಬ್ಬಿನ ವಿರುದ್ಧ ಕೇಂದ್ರ ಸರ್ಕಾರ ಕಂಪನಿ ನ್ಯಾಯಮಂಡಳಿಗೆ ಹೋದಾಗ ಎತ್ತಿದ ಆಕ್ಷೇಪಗಳಲ್ಲಿ ಇದೂ ಒಂದು: ಅರ್ಜಿದಾರರಿಂದ ಮೊದಲೇ ಹಣ ಪಡೆದು ದಶಕಗಳ ಕಾಲ ಕಾಯಿಸಿದ್ದು. ಅಲ್ಲಿಯವರೆಗೂ ಬಡ್ಡಿ ಯಾರಿಗೆ ಹೋಯಿತು ಎಂದು ಯೋಚಿಸಿ. ನಿಮ್ಮ ಮಗ ಲಿಖಿತವಾಗಿ ಮೂರು ವಿಷಯ ಕೇಳಲಿ: ಅರ್ಜಿ ತಿರಸ್ಕಾರವಾದರೆ ಪೂರ್ತಿ ಹಣ ವಾಪಸ್ ಬರುತ್ತದೆಯೇ, ತಾನಾಗಿ ಹಿಂತೆಗೆದುಕೊಂಡರೆ ಎಷ್ಟು ಕಡಿತ, ಸದಸ್ಯತ್ವ ಸಿಗುವ ದಿನ ಶುಲ್ಕ ಏರಿದ್ದರೆ ವ್ಯತ್ಯಾಸ ಕಟ್ಟಬೇಕೆ. ಬಾಯಿಮಾತಿನ ಉತ್ತರ ಸಾಲದು.

ಇನ್ನೊಂದು ಲೆಕ್ಕ ಹಾಕಿ. ಉದಾಹರಣೆಗೆ ಕೇಳುತ್ತಿರುವುದು 10 ಲಕ್ಷ ಎನ್ನೋಣ. ಶೇ 6.5ರ ಎಫ್‌ಡಿಯಲ್ಲಿಟ್ಟರೆ ವರ್ಷಕ್ಕೆ 65,000 ರೂಪಾಯಿ ಬಡ್ಡಿ. ಸದಸ್ಯರಲ್ಲದವರನ್ನೂ ಗ್ರೀನ್ ಫೀ ಪಡೆದು ಆಡಲು ಬಿಡುವ ಕೋರ್ಸಿನಲ್ಲಿ ಒಂದು ಸುತ್ತಿಗೆ 3,000 ರೂಪಾಯಿ ಎಂದಿಟ್ಟುಕೊಂಡರೂ ಬಡ್ಡಿಯಲ್ಲೇ ವರ್ಷಕ್ಕೆ 21 ಸುತ್ತು ಆಡಬಹುದು, ಅಸಲು ನಿಮ್ಮ ಹತ್ತಿರವೇ. ವಾರವಾರ ಆಡುವವನಿಗೆ ಸದಸ್ಯತ್ವ ಲಾಭ. ಸಾಫ್ಟ್‌ವೇರ್ ಹುಡುಗರಿಗೆ ವಾರವಾರ ಬಿಡುವು ಎಲ್ಲಿ? ನಾಳೆ ಅಮೆರಿಕಕ್ಕೋ ಹೈದರಾಬಾದಿಗೋ ಹೊರಟರೆ ಆ ಶುಲ್ಕ ಹಿಂದೆ ಬರುವುದಿಲ್ಲ.

ಪ್ರಶ್ನೆ: ಪ್ರವೇಶ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಹಾಕಿದ್ದಾರೆ. ಕ್ಲಬ್ಬು ಸದಸ್ಯರದ್ದೇ ಅಲ್ಲವೇ? ನಮಗೆ ನಾವೇ ಕೊಟ್ಟುಕೊಂಡಿದ್ದಕ್ಕೂ ತೆರಿಗೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಇದೇ ವಾದವನ್ನು ಸುಪ್ರೀಂ ಕೋರ್ಟ್ 2019ರ ಕಲ್ಕತ್ತಾ ಕ್ಲಬ್ ತೀರ್ಪಿನಲ್ಲಿ ಜಿಎಸ್‌ಟಿಗೆ ಮುಂಚಿನ ಹಳೆಯ ತೆರಿಗೆಗಳ ಮಟ್ಟಿಗೆ ಒಪ್ಪಿತ್ತು. 2021ರಲ್ಲಿ ಕೇಂದ್ರ ಕಾನೂನನ್ನೇ ತಿದ್ದಿ, ಕ್ಲಬ್ಬು ಬೇರೆ ವ್ಯಕ್ತಿ, ಸದಸ್ಯ ಬೇರೆ ವ್ಯಕ್ತಿ ಎಂದು 2017ರ ಜುಲೈ 1ರಿಂದಲೇ ಜಾರಿಯಾಗುವಂತೆ ಮಾಡಿತು. ಆ ತಿದ್ದುಪಡಿ ಸಂವಿಧಾನಬಾಹಿರ ಎಂದು 2025ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಅದನ್ನು ಹಿಡಿದುಕೊಂಡು ಕ್ಲಬ್ಬಿನವರ ಜೊತೆ ಜಗಳಕ್ಕೆ ಹೋಗಬೇಡಿ. ಕರ್ನಾಟಕದಲ್ಲಿ ಕ್ಲಬ್ಬು ತೆರಿಗೆ ವಸೂಲು ಮಾಡದೆ ಬಿಟ್ಟು, ನಾಳೆ ಬಡ್ಡಿ ಸಮೇತ ನೋಟಿಸ್ ಬಂದರೆ ಅದನ್ನು ತುಂಬಬೇಕಾದವರು ಮತ್ತೆ ಸದಸ್ಯರೇ. ‘ನಮ್ಮದು ನಮಗೇ’ ಎನ್ನುವ ವಾದಕ್ಕೆ ಆದಾಯ ತೆರಿಗೆಯಲ್ಲೂ ಮಿತಿ ಇದೆ. ಕ್ಲಬ್ಬಿನ ಹೆಚ್ಚುವರಿ ಹಣವನ್ನು ಬ್ಯಾಂಕಿನಲ್ಲಿಟ್ಟು ಬಂದ ಬಡ್ಡಿಗೆ ತೆರಿಗೆ ಉಂಟು, ಆ ಬ್ಯಾಂಕೇ ಕ್ಲಬ್ಬಿನ ಸದಸ್ಯನಾಗಿದ್ದರೂ ಸರಿ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು ನಮ್ಮ ಬೆಂಗಳೂರು ಕ್ಲಬ್ಬಿನ ಪ್ರಕರಣದಲ್ಲೇ.

ಸದ್ಯಕ್ಕೆ ನೀವು ಮಾಡಬೇಕಾದ್ದು ಇಷ್ಟು: ಶುಲ್ಕ ಎಷ್ಟು, ಜಿಎಸ್‌ಟಿ ಎಷ್ಟು ಎಂದು ಬೇರೆ ಬೇರೆ ನಮೂದಿಸಿದ, ಕ್ಲಬ್ಬಿನ ಜಿಎಸ್‌ಟಿ ಸಂಖ್ಯೆ ಇರುವ ರಸೀದಿ ಪಡೆದು ಜೋಪಾನವಾಗಿಡಿ. ಒಟ್ಟು ಮೊತ್ತವನ್ನು ಒಂದೇ ಸಾಲಿನಲ್ಲಿ ಬರೆದು ಕೊಟ್ಟರೆ ಬದಲಿಸಿ ಕೇಳಿ.