ಇಬ್ಬರಿಗೂ ಒಂದೇ ಹೆಸರು

ಪ್ರಶ್ನೆ: ಸಿಸ್ಟರ್, ನಾನು ನರ್ಸ್ ಆಗಿ ಎಂಟು ತಿಂಗಳಾಯಿತು. ಮೊನ್ನೆ ರಾತ್ರಿ ಪಾಳಿಯಲ್ಲಿ ಒಬ್ಬರ ಇನ್ಸುಲಿನ್ ಇನ್ನೊಬ್ಬರಿಗೆ ಕೊಡುವುದರಲ್ಲಿದ್ದೆ. ಇಬ್ಬರ ಹೆಸರೂ ಲಕ್ಷ್ಮಮ್ಮ. ಈಗ ಸಿರಿಂಜ್ ಹಿಡಿಯಲು ಭಯ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ತಂಗಿ, ಇದನ್ನು ಮುಚ್ಚಿಡದೆ ಬರೆದೆಯಲ್ಲ, ಸಂತೋಷ. ನಿನ್ನ ಇನ್‌ಚಾರ್ಜ್ ಸಿಸ್ಟರ್‌ಗೂ ಹೇಳು. ತಪ್ಪಿಹೋದ ತಪ್ಪನ್ನೂ ಬರೆದಿಟ್ಟರೆ ಮಾತ್ರ ಆ ಇಬ್ಬರ ಮಂಚ ಬೇರೆ ಮಾಡಬೇಕು ಅಂತ ಯಾರಿಗಾದರೂ ಹೊಳೆಯುತ್ತದೆ.

"ನೀವು ಲಕ್ಷ್ಮಮ್ಮ ಅಲ್ವಾ?" ಅಂತ ಕೇಳಬೇಡ. ನಿದ್ದೆಗಣ್ಣಲ್ಲಿ ಯಾರಾದರೂ ಹೂಂ ಅಂದುಬಿಡುತ್ತಾರೆ. "ನಿಮ್ಮ ಹೆಸರೇನಮ್ಮಾ?" ಅಂತ ಕೇಳು. ಆಮೇಲೆ ಕೈಪಟ್ಟಿಯ ನಂಬರನ್ನು ಕೇಸ್ ಶೀಟಿನ ಜೊತೆ ತಾಳೆ ನೋಡು. ಮಂಚದ ನಂಬರ್ ನಂಬಬೇಡ, ಅದು ಬದಲಾಗುತ್ತಿರುತ್ತದೆ.

ಇನ್ಸುಲಿನ್ ವಿಷಯದಲ್ಲಿ ನಾನೂ ಹೊಸತರಲ್ಲಿ ಎಡವಿದ್ದೆ. 100ರ ಇನ್ಸುಲಿನ್ನನ್ನು, ಅಂದರೆ ಒಂದು ಮಿ.ಲೀ.ನಲ್ಲಿ 100 ಯೂನಿಟ್ ಇರುವುದನ್ನು, 40 ಯೂನಿಟ್‌ನದಕ್ಕೆ ಗುರುತು ಹಾಕಿದ 40ರ ಸಿರಿಂಜಿನಲ್ಲಿ ಎಳೆದಿದ್ದೆ. ಹಿರಿಯ ಸಿಸ್ಟರ್ ಒಬ್ಬರು ಕೈ ಹಿಡಿದು ನಿಲ್ಲಿಸಿದರು. ಚುಚ್ಚಿದ್ದರೆ ಬೇಕಾದ್ದರ ಎರಡೂವರೆ ಪಟ್ಟು ಹೋಗುತ್ತಿತ್ತು. ನಮ್ಮಲ್ಲಿ ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆಯದ್ದು 100ಕ್ಕೆ. ಆದರೂ ಬಾಟಲಿ ಮೇಲಿನ ಅಂಕಿ ಓದು. ಎಳೆದ ಮೇಲೆ ಇನ್ನೊಬ್ಬ ನರ್ಸ್‌ಗೆ ತೋರಿಸು. ಸುಮ್ನೆ "ಸರಿ ಇದೆಯಾ?" ಅನ್ನಬೇಡ, ಅವರೇ ಅಂಕಿ ಓದಿ ಹೇಳಲಿ.

ಡಾಕ್ಟರ್ ಫೋನಿನಲ್ಲಿ ಡೋಸ್ ಹೇಳಿದರೆ ಬರೆದುಕೊಂಡು ತಿರುಗಿ ಓದಿ ಹೇಳು. ಔಷಧ ಎಳೆಯುವಾಗ ಯಾರಾದರೂ ಕರೆದರೆ, "ಎರಡು ನಿಮಿಷ" ಅನ್ನು. ಅದು ಅಹಂಕಾರವಲ್ಲ ತಂಗಿ.